‘ಸರ್ವರ್ ಡೌನ್’ ಅಂದರೆ ಸುಮ್ಮನೆ ಮನೆಗೆ ಬರಬೇಡಿ, ಒಂದು ಪ್ರಶ್ನೆ ಕೇಳಿ

“ಸರ್ವರ್ ಡೌನ್ ಅಣ್ಣ, ನಾಳೆ ಬಾ.”

ಈ ಮಾತು ಕೇಳದವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದೀರಾ? ಪಹಣಿ ತೆಗೆಸಲು ಹೋದಾಗ ಕೇಳಿರುತ್ತೀರಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋದಾಗ ಕೇಳಿರುತ್ತೀರಿ. ಇ-ಸ್ವತ್ತು ಖಾತೆಗೆ, ಜಮೀನು ನೋಂದಣಿಗೆ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಕೇಳಿರುತ್ತೀರಿ. ಗೌರಿಬಿದನೂರಾದರೂ ಅದೇ ಮಾತು, ಚಿಂತಾಮಣಿಯಾದರೂ ಅದೇ ಮಾತು.

ನಮ್ಮ ಗುಂಪಿನ ಒಬ್ಬರ ಅಮ್ಮ ಒಂದು ತಿಂಗಳ ಕೊನೆಯಲ್ಲಿ ಮೂರು ದಿನ ಸತತವಾಗಿ ರೇಷನ್ ಅಂಗಡಿಗೆ ನಡೆದರು. ಮೂರೂ ದಿನ ಯಂತ್ರದಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಅಂಗಡಿಯವರನ್ನು ಬೈದು ಏನು ಪ್ರಯೋಜನ? ಅವರೂ ಕೈಚೆಲ್ಲಿ, “ನಾನೇನ್ ಮಾಡ್ಲಮ್ಮ, ಬೆಂಗಳೂರಲ್ಲಿ ಏನೋ ಮಾಡ್ತಾವ್ರಂತೆ” ಅಂದರು. ಆ ಮೂರು ದಿನ ಅಮ್ಮ ಕೂಲಿಗೆ ಹೋಗಲಿಲ್ಲ. ಆ ಕೂಲಿ ಯಾವ ಲೆಕ್ಕದ ಪುಸ್ತಕದಲ್ಲೂ ನಷ್ಟ ಅಂತ ಬರೆದಿಲ್ಲ.

ಮಳೆ ಬರಲಿಲ್ಲ ಅನ್ನುವ ಹಾಗೆ ನಾವು ‘ಸರ್ವರ್ ಡೌನ್’ ಅನ್ನುವುದನ್ನೂ ಹಣೆಬರಹ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಹಣೆಬರಹವಲ್ಲ. ಸರ್ವರ್ ಅಂದರೆ ಮನುಷ್ಯರು ನೋಡಿಕೊಳ್ಳಬೇಕಾದ ಒಂದು ಯಂತ್ರ. ನೋಡಿಕೊಂಡರೆ ನಡೆಯುತ್ತದೆ, ನೋಡಿಕೊಳ್ಳದಿದ್ದರೆ ನಿಲ್ಲುತ್ತದೆ, ಇಲ್ಲವೇ ಕಳ್ಳರ ಪಾಲಾಗುತ್ತದೆ. ಹಾಗಾಗಿ ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಹೇಗೆ ನೋಡಿಕೊಳ್ಳುತ್ತಿದ್ದಾರೆ ಅಂತ ಕೇಳುವ ಹಕ್ಕು ನಮಗಿದೆ. ಈ ಬರಹ ಅದರ ಬಗ್ಗೆ.

ನಮ್ಮ ಬದುಕು ಎಷ್ಟು ಸರ್ವರ್‌ಗೆ ಕಟ್ಟಿದೆ?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಮೊದಲು ಅಲ್ಲಿ ಕೂಗಿ ಹರಾಜು ಮಾಡುತ್ತಿದ್ದರು. ಈಗ ಇ-ಹರಾಜು. ರೈತ ಬೆಳಗ್ಗೆ ಗೂಡು ತಂದು ಸುರಿಯುತ್ತಾನೆ, ಲಾಟ್ ನಂಬರ್ ಸಿಗುತ್ತದೆ, ರೀಲರ್‌ಗಳು ಮೊಬೈಲ್‌ನಲ್ಲೇ ಬೆಲೆ ಹಾಕುತ್ತಾರೆ. ಬೆಲೆ ಹಾಕಿದವರು ಯಾರು ಅಂತ ಪಕ್ಕದವನಿಗೆ ಗೊತ್ತಾಗುವುದಿಲ್ಲ. ಒಳ್ಳೆಯ ವ್ಯವಸ್ಥೆಯೇ.

ಆದರೆ ಹರಾಜಿನ ಹೊತ್ತಿಗೆ ಸರಿಯಾಗಿ ಸರ್ವರ್ ನಿಂತುಹೋದರೆ? ಗೂಡನ್ನು ರಾಗಿ ಮೂಟೆಯ ಹಾಗೆ ಇಟ್ಟುಕೊಂಡು ಕೂರಲು ಆಗುವುದಿಲ್ಲ. ಒಳಗೆ ಜೀವ ಇದೆ. ದಿನ ಕಳೆದಂತೆ ಗೂಡಿನ ತೂಕ ಇಳಿಯುತ್ತದೆ. ಇನ್ನೂ ಕೆಲವು ದಿನ ಬಿಟ್ಟರೆ ಚಿಟ್ಟೆ ಗೂಡು ಕೊರೆದುಕೊಂಡು ಹೊರಗೆ ಬರುತ್ತದೆ, ಕೊರೆದ ಗೂಡಿನಲ್ಲಿ ಸರಿಯಾದ ನೂಲು ಬರುವುದಿಲ್ಲ. ತಿಂಗಳು ಪೂರ್ತಿ ಸೊಪ್ಪು ಕೊಯ್ದು, ರಾತ್ರಿಯೆಲ್ಲ ಎದ್ದು ಹುಳ ಸಾಕಿದವನು ಆಗ ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತದೆ.

ಇದು ಗೂಡಿನ ಕತೆ ಮಾತ್ರವಲ್ಲ. ಬೆಳೆ ಪರಿಹಾರಕ್ಕೆ, ಸಬ್ಸಿಡಿಗೆ ಎಫ್‌ಐಡಿ ಬೇಕು, ಅದು ‘ಫ್ರೂಟ್ಸ್’ ತಂತ್ರಾಂಶದಲ್ಲಿದೆ. ಭೂಮಿ ತಂತ್ರಾಂಶದಲ್ಲಿ ನಮ್ಮ ಪಹಣಿ ಇದೆ. ಕಾವೇರಿಯಲ್ಲಿ ನಮ್ಮ ಕ್ರಯಪತ್ರ ಇದೆ. ಡೇರಿಯಲ್ಲಿ ಹಾಲಿನ ಲೆಕ್ಕ ಕಂಪ್ಯೂಟರ್‌ಗೆ ಹೋಗುತ್ತದೆ. ಇನ್ನು ಊರಿನ ಸೊಸೈಟಿ: ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಕಂಪ್ಯೂಟರ್ ಬಂದದ್ದು ಒಳ್ಳೆಯದೇ. ಮೊದಲಿನ ಹಾಗೆ ಕೈಬರಹದ ಪಹಣಿಗೆ ಕೈ ಬಿಸಿ ಮಾಡಬೇಕಾದ ಕಾಲ ಮತ್ತೆ ಬೇಡ. ಆದರೆ ಕಂಪ್ಯೂಟರ್ ತರುವಾಗ ಟೇಪು ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ತಂದ ಮೇಲೆ ಅದನ್ನು ವರ್ಷ ವರ್ಷ ಸರಿಯಾಗಿ ಇಟ್ಟುಕೊಳ್ಳುವವರಿಗೆ ಫೋಟೊ ಇಲ್ಲ, ಎಷ್ಟೋ ಕಡೆ ಅಂಥವರೇ ಇಲ್ಲ.

ಅಪ್ಡೇಟ್ ಅಂದರೆ ಏನು?

ಸರ್ವರ್ ಅಂದರೆ ದೂರದ ಯಾವುದೋ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುವ ಕಂಪ್ಯೂಟರ್. ನಿಮ್ಮ ಹೆಬ್ಬೆಟ್ಟು, ನಿಮ್ಮ ಸರ್ವೆ ನಂಬರ್ ಅಲ್ಲಿಗೆ ಹೋಗಿ, ಅಲ್ಲಿಂದ ಉತ್ತರ ಬರುತ್ತದೆ. ಆ ಕಂಪ್ಯೂಟರ್ ಒಳಗೆ ಕೆಲಸ ಮಾಡುವುದು ತಂತ್ರಾಂಶ. ಅದನ್ನು ಬರೆದವರು ಮನುಷ್ಯರು. ಆದ್ದರಿಂದ ಅದರಲ್ಲಿ ತಪ್ಪು, ತೂತು ಇದ್ದೇ ಇರುತ್ತವೆ. ತೂತು ಗೊತ್ತಾದಾಗ ತಯಾರಿಸಿದವರು ಅದಕ್ಕೆ ತೇಪೆ ಕಳಿಸುತ್ತಾರೆ. ಆ ತೇಪೆಯೇ ಅಪ್ಡೇಟ್.

ನಮ್ಮ ಹಿರಿಯರಿಗೆ ಇದನ್ನು ಹೇಳುವುದು ಸುಲಭ. ಕೆರೆ ಏರಿಯಲ್ಲಿ ಏಡಿ ಬಿಲ ಮಾಡುತ್ತದೆ. ಬೇಸಿಗೆಯಲ್ಲಿ ನೋಡಿದರೆ ಅದು ಏನೂ ಅಲ್ಲ, ಒಂದು ಬುಟ್ಟಿ ಮಣ್ಣು ಸಾಕು. ನೋಡದೆ ಬಿಟ್ಟರೆ, ಕೆರೆ ತುಂಬಿದ ದಿನ ಅದೇ ಬಿಲದಲ್ಲಿ ನೀರು ಜಿನುಗಿ, ಬಿಲ ಬಾಯಿಬಿಟ್ಟು ಏರಿಯೇ ಒಡೆಯುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ವರ್ಷಗಟ್ಟಲೆ ಆದಮೇಲೆ ಕೋಡಿ ಹರಿದವು. ಯಾವ ಏರಿ ಗಟ್ಟಿ, ಯಾವ ಏರಿ ಟೊಳ್ಳು ಅಂತ ಊರಿಗೆ ಗೊತ್ತಾದದ್ದು ಆವತ್ತೇ.

ಆದರೆ ಕೆರೆಗೂ ಸರ್ವರ್‌ಗೂ ಒಂದು ವ್ಯತ್ಯಾಸ ಇದೆ, ಅದನ್ನು ಗಮನಿಸಬೇಕು. ಏಡಿ ಬಿಲ ಎಲ್ಲಿದೆ ಅಂತ ಯಾರೂ ಡಂಗುರ ಹೊಡೆಯುವುದಿಲ್ಲ. ತಂತ್ರಾಂಶದ ತೇಪೆ ಬಂದ ದಿನ ಮಾತ್ರ ಡಂಗುರ ಹೊಡೆದ ಹಾಗೆಯೇ. ಇಂಥ ಕಡೆ ತೂತು ಇತ್ತು, ಮುಚ್ಚಿಕೊಳ್ಳಿ ಅಂತ ಜಗತ್ತಿಗೆಲ್ಲ ತಿಳಿಯುತ್ತದೆ. ಕಳ್ಳರಿಗೂ ತಿಳಿಯುತ್ತದೆ. ಅಲ್ಲಿಂದ ಓಟ ಶುರು. ನೀವು ಮೊದಲು ಮುಚ್ಚುತ್ತೀರೋ, ಅವರು ಮೊದಲು ನುಗ್ಗುತ್ತಾರೋ?

ಓಟ ಎಷ್ಟು ವೇಗದ್ದು ಅನ್ನುವುದಕ್ಕೆ ಒಂದು ಉದಾಹರಣೆ. ಜಾಲತಾಣ ಕಟ್ಟಲು ಬಳಸುವ ‘ಡ್ರುಪಾಲ್’ ಅನ್ನುವ ಉಚಿತ ತಂತ್ರಾಂಶ ಇದೆ. ಭಾರತದ ಸರ್ಕಾರಿ ತಾಣಗಳಲ್ಲೂ ಅದರ ಬಳಕೆ ಇದೆ. 2014ರ ಅಕ್ಟೋಬರ್ 15ರಂದು ಅದರ ಒಂದು ದೊಡ್ಡ ತೂತಿಗೆ ತೇಪೆ ಬಂತು. ಎರಡು ವಾರದ ನಂತರ ಆ ತಂತ್ರಾಂಶದವರೇ ಒಂದು ಎಚ್ಚರಿಕೆ ಹೊರಡಿಸಿದರು: ತೇಪೆ ಬಂದ ಏಳು ಗಂಟೆಯೊಳಗೆ ಹಾಕಿಕೊಳ್ಳದವರು ತಮ್ಮ ತಾಣ ಕಳ್ಳರ ಕೈಗೆ ಸಿಕ್ಕಿದೆ ಅಂತಲೇ ತಿಳಿದುಕೊಂಡು ಮುಂದಿನ ಕೆಲಸ ನೋಡಿ ಎಂದು. ಏಳು ದಿನ ಅಲ್ಲ, ಏಳು ಗಂಟೆ.

ಬಿಲ ಮುಚ್ಚದಿದ್ದಾಗ ಏನಾಯಿತು?

2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ಒಂದು ತೂತಿಗೆ ತೇಪೆ ಕೊಟ್ಟಿತು. ಮೇ 12ರಂದು ‘ವಾನ್ನಾಕ್ರೈ’ ಅನ್ನುವ ದುಷ್ಟ ತಂತ್ರಾಂಶ ಅದೇ ತೂತಿನಲ್ಲಿ ನುಗ್ಗಿತು. ಕಂಪ್ಯೂಟರ್‌ನ ಕಡತಗಳಿಗೆಲ್ಲ ಬೀಗ ಹಾಕಿ, ಬೀಗ ತೆಗೆಯಲು ದುಡ್ಡು ಕೊಡಿ ಅಂತ ಪರದೆ ಮೇಲೆ ಬರೆಯುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಆಪರೇಷನ್‌ಗಳನ್ನು ಮುಂದೂಡಿದವು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು, ಅದರಲ್ಲಿ ಚಿತ್ತೂರು ಜಿಲ್ಲೆಯವೂ ಇದ್ದವು. ಆಗ ಮದನಪಲ್ಲಿ ಇನ್ನೂ ಚಿತ್ತೂರು ಜಿಲ್ಲೆಯಲ್ಲೇ ಇತ್ತು. ಚಿಂತಾಮಣಿಯವರು ಟೊಮೆಟೊ ಬೆಲೆ ಕೇಳುವ ಊರು ಅದು.

ತೇಪೆ ಬಂದದ್ದಕ್ಕೂ ಕಳ್ಳರು ನುಗ್ಗಿದ್ದಕ್ಕೂ ನಡುವೆ ಎಂಟು ವಾರ ಇತ್ತು. ಎಂಟು ವಾರದಲ್ಲಿ ತೇಪೆ ಹಾಕಿಕೊಂಡವರಿಗೆ ಏನೂ ಆಗಲಿಲ್ಲ.

ಇನ್ನೊಂದು, ನಮ್ಮಂಥವರ ದುಡ್ಡಿನ ಕತೆ. 2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ನಿಂತುಹೋಯಿತು. ಅವು ಸಹಕಾರಿ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳು. ಈ ಬ್ಯಾಂಕುಗಳಿಗೆಲ್ಲ ಕಂಪ್ಯೂಟರ್ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಅನ್ನುವ ಕಂಪನಿಯ ಮೇಲೆ ಸೈಬರ್ ದಾಳಿ ಆಗಿತ್ತು. ಸೋಂಕು ಹರಡದಿರಲಿ ಅಂತ ಪಾವತಿ ನಿಗಮ ಆ ಕಂಪನಿಯ ಸಂಪರ್ಕವನ್ನೇ ಕಡಿದು, ಮರುದಿನ ಮತ್ತೆ ಜೋಡಿಸಿತು. ದಾಳಿಕೋರರು ನುಗ್ಗಿದ ದಾರಿಯನ್ನು ಒಂದು ಸುರಕ್ಷತಾ ಸಂಸ್ಥೆ ಹುಡುಕಿ ಹೇಳಿತು: ಇನ್ನೊಂದು ಪಾಲುದಾರ ಕಂಪನಿಯ ಸರಿಯಾಗಿ ಕಾಯದ ಒಂದು ಸರ್ವರ್. ಅದರ ತೂತಿಗೆ ತೇಪೆ ಅದೇ ವರ್ಷದ ಜನವರಿಯಲ್ಲೇ ಬಂದಿತ್ತು.

ಇಲ್ಲಿ ಗಮನಿಸಿ. ಬ್ಯಾಂಕಿನ ತಪ್ಪಿಲ್ಲ, ಬ್ಯಾಂಕಿಗೆ ಸೇವೆ ಕೊಟ್ಟವರ ಪಾಲುದಾರರ ಹತ್ತಿರ ಒಂದು ಸರ್ವರ್ ಹಳತಾಗಿ ಕೂತಿತ್ತು. ನಿಂತದ್ದು ಮಾತ್ರ ಹಳ್ಳಿಯವರ ದುಡ್ಡು. ಮೇಲಿನ ಕೆರೆ ಒಡೆದರೆ ಕೆಳಗಿನ ಕೆರೆಗೂ ಆಪತ್ತು ಅನ್ನುವುದು ಸರಣಿ ಕೆರೆಗಳ ನಾಡಿನವರಾದ ನಮಗೆ ಹೊಸ ಪಾಠವಲ್ಲ.

ನಮ್ಮ ರಾಜ್ಯ ಸರ್ಕಾರದ ಮನೆಯಲ್ಲೂ ಕಳ್ಳತನ ಆಗಿದೆ. 2019ರಲ್ಲಿ ಟೆಂಡರ್ ಕರೆಯುವ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೆ ನುಗ್ಗಿ, ಗುತ್ತಿಗೆದಾರರು ಇಟ್ಟಿದ್ದ ಠೇವಣಿ ಹಣದಲ್ಲಿ 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಸಾಗಿಸಿದರು. ಅದು ಸಿಐಡಿ ತನಿಖೆಯಾಯಿತು, ವಿಧಾನಸೌಧದವರೆಗೂ ಸುದ್ದಿಯಾಯಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸರ್ವರ್ ನಿಂತದ್ದೆಲ್ಲ ಅಪ್ಡೇಟ್ ಮಾಡದ್ದರಿಂದಲೇ ಅಲ್ಲ. ಕರೆಂಟು, ನೆಟ್‌ವರ್ಕ್, ಒಂದೇ ಸಲ ಎಲ್ಲರೂ ನುಗ್ಗುವುದು, ಹೀಗೆ ಬೇರೆ ಬೇರೆ ಕಾರಣಗಳಿರುತ್ತವೆ. 2025ರ ಆರಂಭದಲ್ಲಿ ಕಾವೇರಿ ತಾಣ ತೆವಳಿ ತೆವಳಿ, ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದು ಕೂತರಲ್ಲ, ಆಗ ಸರ್ಕಾರ ಹೇಳಿದ್ದು ಬೇರೆಯೇ ಕಾರಣ. ಯಾರೋ ನಕಲಿ ಖಾತೆಗಳಿಂದ ಲಕ್ಷಗಟ್ಟಲೆ ಸುಳ್ಳು ಕೋರಿಕೆ ಕಳಿಸಿ ಬೇಕಂತಲೇ ಬಾಗಿಲು ಕಟ್ಟಿಹಾಕಿದ್ದರು. ಪೊಲೀಸ್ ದೂರೂ ಆಯಿತು. ಆದರೆ ಆ ಕಾರಣ ನಮಗೆ ತಿಳಿದದ್ದು ಯಾವಾಗ? ವಾರಗಟ್ಟಲೆ ಅಲೆದ ಮೇಲೆ. ಅಲ್ಲಿಯವರೆಗೆ ಎಲ್ಲದಕ್ಕೂ ಒಂದೇ ಉತ್ತರ, ‘ಸರ್ವರ್ ಡೌನ್’. ರೋಗದ ಹೆಸರೇ ಹೇಳದೆ ‘ಹುಷಾರಿಲ್ಲ’ ಅಂತಷ್ಟೇ ಹೇಳುವ ಡಾಕ್ಟರನ್ನು ನಾವು ಒಪ್ಪುತ್ತೇವೆಯೇ?

“ಓಡ್ತಿರೋ ಗಾಡಿ ಯಾಕೆ ಮುಟ್ಬೇಕು ಸಾರ್?”

ಈ ಮಾತು ನಮಗೆ ಹೇಳಿದ್ದು ಒಂದು ಸೇವಾ ಕೇಂದ್ರ ನಡೆಸುವ ಹುಡುಗ. ಊರು ಬೇಡ, ಹೆಸರು ಬೇಡ. ಅವನ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7 ಇದೆ. ಅದಕ್ಕೆ ತೇಪೆ ಬರುವುದು 2020ರ ಜನವರಿಯಲ್ಲೇ ನಿಂತಿದೆ. ಅದೇ ಕಂಪ್ಯೂಟರ್‌ನಲ್ಲಿ ಅವನು ದಿನಕ್ಕೆ ಎಷ್ಟೋ ಜನರ ಆಧಾರ್, ಪಾಸ್‌ಬುಕ್, ಫೋಟೊ ಸ್ಕ್ಯಾನ್ ಮಾಡುತ್ತಾನೆ.

ನಾವು ಬೈಯಲು ಹೊರಟಿದ್ದೆವು. ಅವನು ಕೂರಿಸಿ ಟೀ ಕೊಟ್ಟು ತನ್ನ ಕಷ್ಟ ಹೇಳಿದ. ಇನ್ನೊಂದು ಕಂಪ್ಯೂಟರ್‌ನಲ್ಲಿ ಒಂದು ಸಲ ಅಪ್ಡೇಟ್ ಆಯಿತಂತೆ. ಅದಾದ ಮೇಲೆ ಹೆಬ್ಬೆಟ್ಟಿನ ಯಂತ್ರ ಎರಡು ದಿನ ಕೆಲಸ ಮಾಡಲಿಲ್ಲವಂತೆ. “ಜನ ನನ್ನನ್ನೇ ಬೈದ್ರು ಸಾರ್. ಮೇಲಿನೋರಿಗೆ ಫೋನ್ ಮಾಡಿದ್ರೆ ಎತ್ತಲ್ಲ. ಆವತ್ತೇ ಅಪ್ಡೇಟ್ ಆಫ್ ಮಾಡ್ಬಿಟ್ಟೆ.” ಹೊಸ ಕಂಪ್ಯೂಟರ್ ಕೊಳ್ಳೋಣ ಅಂದರೆ ಒಂದೊಂದು ಅರ್ಜಿಗೆ ಸಿಗುವ ಚಿಲ್ಲರೆಯಲ್ಲಿ ಅದು ಯಾವಾಗ ಆಗಬೇಕು?

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಅಪ್ಡೇಟ್ ಕೂಡ ಕೆಡಿಸಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸುರಕ್ಷತಾ ಕಂಪನಿಯೇ ಕಳಿಸಿದ ಒಂದು ದೋಷದ ಅಪ್ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲೇ ಬರೆದ ಚೀಟಿ ಕೊಟ್ಟು ಪ್ರಯಾಣಿಕರನ್ನು ವಿಮಾನ ಹತ್ತಿಸಿದರು. ಕಾವಲುಗಾರನೇ ಎಡವಿ ಬಾಗಿಲ ಮೇಲೆ ಬಿದ್ದ ಹಾಗಾಯಿತು.

ಹಾಗಂತ ಅಪ್ಡೇಟೇ ಬೇಡ ಅನ್ನುವುದು ಸರಿಯೇ? ಒಂದು ಸಲ ಮದ್ದು ಒಗ್ಗಲಿಲ್ಲ ಅಂತ ಯಾರೂ ಜೀವಮಾನವಿಡೀ ಮದ್ದು ಬಿಡುವುದಿಲ್ಲ. ಅಪ್ಡೇಟ್ ಮಾಡಬೇಕು, ಆದರೆ ತಿಳಿದು ಮಾಡಬೇಕು. ಅದಕ್ಕೆ ಗೊತ್ತಿರುವ ಕ್ರಮ ಇದೆ, ರಾಕೆಟ್ ವಿಜ್ಞಾನ ಏನಲ್ಲ:

• ಮೊದಲು ಎಲ್ಲ ದಾಖಲೆಯ ಒಂದು ನಕಲು ತೆಗೆದು ಬೇರೆ ಕಡೆ ಇಡಬೇಕು. ಆ ನಕಲು ಸರ್ವರ್‌ಗೆ ಜೋಡಿಸಿಕೊಂಡೇ ಇರಬಾರದು. ಕಳ್ಳ ಬಂದರೆ ಎರಡಕ್ಕೂ ಬೀಗ ಹಾಕುತ್ತಾನೆ.

• ಆ ನಕಲಿನಿಂದ ದಾಖಲೆ ನಿಜವಾಗಿ ವಾಪಸ್ ಬರುತ್ತದೆಯೇ ಅಂತ ಆಗಾಗ ಪರೀಕ್ಷೆ ಮಾಡಬೇಕು. ತೆರೆಯದ ಬೀಜದ ಮೂಟೆಯಲ್ಲಿ ಹುಳ ಬಿದ್ದಿದೆಯೋ ಇಲ್ಲವೋ ಯಾರಿಗೆ ಗೊತ್ತು?

• ತೇಪೆಯನ್ನು ಮೊದಲು ಪರೀಕ್ಷೆಗೆ ಇಟ್ಟ ಒಂದು ಯಂತ್ರದಲ್ಲಿ ಹಾಕಿ ನೋಡಬೇಕು. ಹೆಬ್ಬೆಟ್ಟಿನ ಯಂತ್ರ, ಪ್ರಿಂಟರ್, ತಕ್ಕಡಿ ಎಲ್ಲ ಕೆಲಸ ಮಾಡಿದರೆ ಮಾತ್ರ ಉಳಿದವಕ್ಕೆ.

• ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗುವ ದಾರಿ ಮೊದಲೇ ಸಿದ್ಧ ಇರಬೇಕು.

• ಹೊತ್ತು ನೋಡಿ ಮಾಡಬೇಕು. ತೂಬಿನ ರಿಪೇರಿ ಬೇಸಿಗೆಯಲ್ಲಿ ಮಾಡುತ್ತಾರೆ, ಕೆರೆ ತುಂಬಿದಾಗಲ್ಲ. ರೇಷನ್ ಸರ್ವರ್ ರಿಪೇರಿ ತಿಂಗಳ ಕೊನೆಯಲ್ಲಿ ಬೇಡ. ಗೂಡಿನ ಹರಾಜಿನ ಸರ್ವರ್ ರಿಪೇರಿ ಬೆಳಗಿನ ಹೊತ್ತು ಬೇಡ.

ಒಂದು ವಿನಾಯಿತಿ ಇದೆ. ತೂತು ತೀರಾ ದೊಡ್ಡದು, ಕಳ್ಳರು ಆಗಲೇ ನುಗ್ಗುತ್ತಿದ್ದಾರೆ ಅನ್ನುವಾಗ ಹೊತ್ತು ನೋಡುತ್ತ ಕೂರಲಾಗದು. ಆಗ ಹಗಲಲ್ಲೇ ಅರ್ಧ ದಿನ ನಿಲ್ಲಿಸಿ ಸರಿಮಾಡಿದರೂ ನಾವು ಸಹಿಸಬೇಕು. ಆದರೆ ಕಾರಣ ಹೇಳಿ ನಿಲ್ಲಿಸಲಿ.

ನೀರಗಂಟಿ ಯಾರು?

ನಮ್ಮ ಕೋಲಾರ-ಚಿಕ್ಕಬಳ್ಳಾಪುರ ಸೀಮೆಯಲ್ಲಿ ಜೀವನದಿ ಇಲ್ಲ. ಇರುವುದೆಲ್ಲ ಕೆರೆ. ಆದರೂ ನೂರಾರು ವರ್ಷ ಬೇಸಾಯ ನಡೆದದ್ದು ಹೇಗೆ? ಊರಿಗೊಬ್ಬ ನೀರಗಂಟಿ ಇದ್ದ. ತೂಬು ತೆಗೆಯುವವನು ಅವನೇ, ಮುಚ್ಚುವವನು ಅವನೇ. ಏರಿ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ ಅಂತ ನೋಡುವವನೂ ಅವನೇ. ಯಾರ ಗದ್ದೆಗೆ ಎಷ್ಟು ನೀರು ಅನ್ನುವ ಲೆಕ್ಕ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಊರು ಅವನಿಗೆ ಕಾಳು ಅಳೆದು ಕೊಡುತ್ತಿತ್ತು. ಕೆಲಸ ಒಬ್ಬನದು, ಹೊಣೆ ಒಬ್ಬನದು, ಕೂಲಿ ಎಲ್ಲರದು.

ಈಗ ಕೇಳಿ. ನಿಮ್ಮ ಸೊಸೈಟಿಯ ಕಂಪ್ಯೂಟರ್‌ನ ನೀರಗಂಟಿ ಯಾರು? ನಿಮ್ಮ ಪಂಚಾಯಿತಿ ಕಂಪ್ಯೂಟರ್‌ನ ನೀರಗಂಟಿ ಯಾರು? ಕೇಳಿದರೆ ಕಾರ್ಯದರ್ಶಿ ಪಿಡಿಒ ಕಡೆ ನೋಡುತ್ತಾರೆ, ಪಿಡಿಒ ತಾಲ್ಲೂಕಿನ ಕಡೆ ನೋಡುತ್ತಾರೆ, ತಾಲ್ಲೂಕಿನವರು ಕಂಪನಿ ಕಡೆ ಕೈ ತೋರಿಸುತ್ತಾರೆ. ಗುತ್ತಿಗೆ ಮುಗಿದ ಕಂಪನಿ ಯಾರ ಕಡೆಯೂ ನೋಡುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೂಲ ರೋಗ ಇದೇ. ತಂತ್ರಜ್ಞಾನ ಗೊತ್ತಿರುವವರು ಕರ್ನಾಟಕದಲ್ಲಿ ಕಡಿಮೆಯೇ? ಜಗತ್ತಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಬೆಂಗಳೂರು ನಮ್ಮಿಂದ ಒಂದೂವರೆ ಗಂಟೆಯ ದಾರಿ. ಕೊರತೆ ಇರುವುದು ಹೊಣೆಗೆ, ಮತ್ತು ಹೊಣೆಗೆ ಬೇಕಾದ ದುಡ್ಡಿಗೆ.

ಈ ಕೆಲಸಕ್ಕೆ ಈಗ ಅವಸರವೂ ಇದೆ. ನಮ್ಮ ಕಡೆಯ ಕಚೇರಿ, ಸೊಸೈಟಿ, ಸೇವಾ ಕೇಂದ್ರಗಳಲ್ಲಿ ನಾವು ಹೆಚ್ಚಾಗಿ ನೋಡಿರುವುದು ವಿಂಡೋಸ್ 10. ಅದಕ್ಕೆ ಸಾಮಾನ್ಯ ತೇಪೆ ಬರುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಚ್ಚುವರಿಯಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನಷ್ಟು ದಿನ ಬರುತ್ತದೆ. ನೋಂದಾಯಿಸಿಕೊಳ್ಳದ ಕಂಪ್ಯೂಟರ್ ನೋಡಲು ಚೆನ್ನಾಗಿಯೇ ಓಡುತ್ತಿರುತ್ತದೆ. ಬಿಲ ಇರುವ ಏರಿಯೂ ಬೇಸಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ನಾವು ಕೇಳುವುದು ಇಷ್ಟು

ಒಂದು, ಪ್ರತಿ ಸೇವೆಗೂ ಹೊಣೆ ಹೊತ್ತ ಒಬ್ಬರ ಹುದ್ದೆ ಮತ್ತು ಫೋನ್ ನಂಬರ್ ಅಂಗಡಿಯಲ್ಲಿ, ಕಚೇರಿಯಲ್ಲಿ, ಮಾರುಕಟ್ಟೆಯಲ್ಲಿ ಗೋಡೆಗೆ ಬರೆದಿರಲಿ. ರೇಷನ್ ದಾಸ್ತಾನು ಎಷ್ಟು ಅಂತ ಬೋರ್ಡಿನಲ್ಲಿ ಬರೆಯುವುದಿಲ್ಲವೇ, ಹಾಗೆ.

ಎರಡು, ಸರ್ವರ್ ಕೆಲಸಕ್ಕೆ ನಿಲ್ಲಿಸುವುದಿದ್ದರೆ ಎರಡು ದಿನ ಮೊದಲೇ ತಿಳಿಸಲಿ. ಕರೆಂಟು ಹೋಗುತ್ತದೆ ಅಂತ ಪೇಪರಿನಲ್ಲಿ ಬರುತ್ತದೆ. ಸರ್ವರ್ ನಿಲ್ಲುತ್ತದೆ ಅಂತ ಒಂದು ಎಸ್‌ಎಂಎಸ್ ಕಳಿಸಲು ಏನು ಕಷ್ಟ? ಒಂದು ಎಸ್‌ಎಂಎಸ್ ಸಾವಿರ ಜನರ ಒಂದೊಂದು ಕೂಲಿ ಉಳಿಸುತ್ತದೆ.

ಮೂರು, ಸರ್ವರ್ ನಿಂತ ದಿನಕ್ಕೆ ಕೈಬರಹದ ದಾರಿ ಇರಲಿ. ವಿಮಾನ ಹತ್ತುವವರಿಗೆ ಚೀಟಿ ಬರೆದು ಕೊಡಲು ಆಗುವುದಾದರೆ, ಅಕ್ಕಿ ತೆಗೆದುಕೊಳ್ಳುವ ಅಜ್ಜಿಗೂ ಬರೆದು ಕೊಡಲು ಆಗಬೇಕು. ಗೂಡಿನ ಮಾರುಕಟ್ಟೆಯಲ್ಲೂ ಆವತ್ತಿನ ಲಾಟ್ ಆವತ್ತೇ ಮುಗಿಯುವ ದಾರಿ ಇರಬೇಕು. ತಿಂಗಳ ಕೊನೆಯಲ್ಲಿ ಸರ್ವರ್ ನಿಂತಿದ್ದರೆ ಅಷ್ಟು ದಿನ ಅವಧಿಯನ್ನು ತಾನಾಗಿಯೇ ಮುಂದೂಡಲಿ.

ನಾಲ್ಕು, ಕಂಪ್ಯೂಟರ್ ಕೊಡುವಾಗಲೇ ಅದನ್ನು ನೋಡಿಕೊಳ್ಳುವ ವರ್ಷದ ಖರ್ಚನ್ನೂ ಬಜೆಟ್ಟಿನಲ್ಲಿ ಇಡಲಿ. ಹಸು ಕೊಡಿಸಿ ಮೇವಿಗೆ ದುಡ್ಡಿಲ್ಲ ಅಂದರೆ ಹೇಗೆ? ಸೇವಾ ಕೇಂದ್ರದ ಹುಡುಗನ ಮೇಲೆ ಆ ಭಾರವನ್ನೂ ಹಾಕಬೇಡಿ.

ಐದು, ದೊಡ್ಡ ತೊಂದರೆ ಆದಮೇಲೆ ಏನಾಯಿತು, ಏನು ಸರಿಮಾಡಿದೆವು ಅಂತ ಕನ್ನಡದಲ್ಲಿ ಒಂದು ಪುಟ ಹೊರಡಿಸಲಿ. 2022ರ ಏಪ್ರಿಲ್‌ನಲ್ಲಿ ಬಂದ ಆದೇಶದ ಪ್ರಕಾರ ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ದೆಹಲಿಗೆ ಆರು ಗಂಟೆಯಲ್ಲಿ ಹೇಳುವುದನ್ನು ದಾಖಲೆಯ ಒಡೆಯರಾದ ನಮಗೆ ಆರು ದಿನದಲ್ಲಾದರೂ ಹೇಳಬಾರದೇ? ಕಳ್ಳರಿಗೆ ಅನುಕೂಲವಾಗುವ ಗುಟ್ಟು ಬೇಡ, ನಮ್ಮ ಪಹಣಿ, ನಮ್ಮ ದುಡ್ಡು ಸುರಕ್ಷಿತವೇ ಅಂತ ಹೇಳಿದರೆ ಸಾಕು.

ಇದನ್ನು ಎಲ್ಲಿ ಕೇಳುವುದು? ಪಂಚಾಯಿತಿಯ ವಿಷಯ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ಸೊಸೈಟಿ, ಡೇರಿಯ ವಿಷಯ ವಾರ್ಷಿಕ ಮಹಾಸಭೆಯಲ್ಲಿ ಕೇಳಿ, ನೀವು ಷೇರುದಾರರು. ಸರ್ಕಾರಿ ಇಲಾಖೆಯದಾದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. ಪ್ರಶ್ನೆ ಚಿಕ್ಕದಾಗಿರಲಿ: ಈ ಸೇವೆಯ ನಿರ್ವಹಣೆ ಯಾರದು? ಗುತ್ತಿಗೆ ಯಾವತ್ತಿನವರೆಗೆ ಇದೆ? ಕೊನೆಯ ಸುರಕ್ಷತಾ ತಪಾಸಣೆ ಯಾವಾಗ ಆಯಿತು?

ನಮ್ಮ ಕೈಯಲ್ಲಿರುವ ಫೋನ್

ಮೇಲಿನವರನ್ನು ಕೇಳುವ ನಾವು ನಮ್ಮ ಕೆಲಸ ಮಾಡಿದ್ದೇವೆಯೇ? ನಿಮ್ಮ ಫೋನಿನಲ್ಲಿ ‘ಅಪ್ಡೇಟ್ ಇದೆ’ ಅಂತ ಬರುವ ಸೂಚನೆಯನ್ನು ಎಷ್ಟು ತಿಂಗಳಿಂದ ಪಕ್ಕಕ್ಕೆ ತಳ್ಳಿದ್ದೀರಿ? ನಾವೂ ತಳ್ಳಿದ್ದೇವೆ. ಡೇಟಾ ಖರ್ಚಾಗುತ್ತದೆ, ಜಾಗ ಇಲ್ಲ, ಫೋನ್ ನಿಧಾನವಾಗುತ್ತದೆ ಅನ್ನುವ ಭಯ. ಆದರೆ ಬ್ಯಾಂಕು ಈಗ ಇರುವುದು ಅದೇ ಫೋನಿನಲ್ಲಿ.

ತಿಂಗಳಿಗೊಂದು ದಿನ ಇಟ್ಟುಕೊಳ್ಳಿ. ರಾತ್ರಿ ಚಾರ್ಜಿಗೆ ಹಾಕಿ, ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್ ಅಪ್ಡೇಟ್ ನೋಡಿ. ಪ್ಲೇ ಸ್ಟೋರ್‌ಗೆ ಹೋಗಿ ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್, ವಾಟ್ಸ್‌ಆ್ಯಪ್, ಕ್ರೋಮ್ ಅಪ್ಡೇಟ್ ಮಾಡಿ. ಹಳೇ ಫೋನಿಗೆ ಅಪ್ಡೇಟ್ ಬರುವುದು ನಿಂತಿದ್ದರೆ ಅದನ್ನು ಹಾಡು ಕೇಳಲು ಇಟ್ಟುಕೊಳ್ಳಿ, ದುಡ್ಡಿನ ವ್ಯವಹಾರ ಅದರಲ್ಲಿ ಬೇಡ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಅಪ್ಡೇಟ್ ಹೆಸರಿನಲ್ಲೇ ಮೋಸ ನಡೆಯುತ್ತಿದೆ. ‘ಪಿಎಂ ಕಿಸಾನ್ ಅಪ್ಡೇಟ್ ಮಾಡಿ’, ‘ಕೆವೈಸಿ ಮುಗಿದಿದೆ’, ‘ಗಾಡಿಯ ದಂಡ ಬಾಕಿ ಇದೆ’, ‘ಮದುವೆ ಕರೆಯೋಲೆ ನೋಡಿ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬರುತ್ತದೆ, ಹೆಸರಿನ ಕೊನೆಗೆ ಎಪಿಕೆ ಅಂತ ಇರುತ್ತದೆ. ಒತ್ತಿ ಹಾಕಿಕೊಂಡಿರೋ, ನಿಮ್ಮ ಎಸ್‌ಎಂಎಸ್, ಒಟಿಪಿ ಕಳ್ಳನಿಗೆ ಹೋಗುತ್ತದೆ. ಕಳಿಸಿದವರು ನಿಮ್ಮ ಭಾವಮೈದುನನೇ ಆಗಿರಬಹುದು, ಅವರ ಫೋನ್ ಮೊದಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ನೆನಪಿಡಿ: ನಿಜವಾದ ಅಪ್ಡೇಟ್ ಫೋನಿನ ಸೆಟ್ಟಿಂಗ್ಸ್‌ನಿಂದ ಬರುತ್ತದೆ, ಪ್ಲೇ ಸ್ಟೋರ್‌ನಿಂದ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವುದಿಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಪ್ರಶ್ನೆ ಕೇಳಿದ ಊರು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನಪೂರ್ತಿ ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ಅವರು ಪ್ರಶ್ನಿಸಿದ್ದು ಪವಾಡಗಳನ್ನು. ನಮ್ಮ ಕಾಲದ ಪವಾಡ ಕಂಪ್ಯೂಟರ್ ಪರದೆಯಲ್ಲಿದೆ. ಅದು ಬಂದಾಗ ಕೈ ಮುಗಿಯುತ್ತೇವೆ, ನಿಂತಾಗ ತಲೆ ತಗ್ಗಿಸಿ ಮನೆಗೆ ಬರುತ್ತೇವೆ. ಎರಡೂ ಬೇಡ.

ಅಂಗಡಿಯವರ ಮೇಲೆ, ಸೇವಾ ಕೇಂದ್ರದ ಹುಡುಗನ ಮೇಲೆ ರೇಗಬೇಡಿ. ಅವರೂ ನಮ್ಮ ಹಾಗೆ ಚಕ್ರ ಸುತ್ತುವುದನ್ನೇ ನೋಡುತ್ತ ಕೂತವರು. ಆದರೆ ಮುಂದಿನ ಸಲ ‘ಸರ್ವರ್ ಡೌನ್’ ಅಂದಾಗ ಸಮಾಧಾನವಾಗಿ ಕೇಳಿ: “ಯಾಕಂತೆ? ಯಾರು ನೋಡ್ಕೊತಾವ್ರೆ? ಯಾವಾಗ ಸರಿಹೋಗುತ್ತಂತೆ?” ಒಬ್ಬರು ಕೇಳಿದರೆ ನಗುತ್ತಾರೆ. ಸಾಲಿನಲ್ಲಿ ನಿಂತ ಎಲ್ಲರೂ ಕೇಳಿದರೆ ಅವರು ಮೇಲಿನವರನ್ನು ಕೇಳುತ್ತಾರೆ. ನಿಮ್ಮ ಊರಿನಲ್ಲಿ ಹೀಗೆ ಕೇಳಿದಾಗ ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ. ತಾಲ್ಲೂಕಿನ ಹೆಸರು ಹಾಕಿ, ನಿಮ್ಮ ಹೆಸರು ಬೇಡವಾದರೆ ಬೇಡ. ಬಂದ ಉತ್ತರಗಳನ್ನು ಸೇರಿಸಿ ಸಂಬಂಧಪಟ್ಟವರ ಮುಂದೆ ಇಡುವ ಕೆಲಸ ನಮ್ಮದು.